ಡಬ್ಬಿಯೊಳಗಿನ ಗುಂಯ್

ಇದನ್ನು ಹೇಳಲು ಹೊರಟದ್ದಕ್ಕೆ ಮೊದಲೇ ಕ್ಷಮೆ ಕೇಳಬೇಕು. ನಾನು ಹಗಲು ದುಡಿದು ಸಂಜೆಯ ಕ್ಲಾಸಿನಲ್ಲಿ ಕೂತು ಕಲಿತವನು. ಇನ್ನೊಬ್ಬನ ಮನಸ್ಸಿನೊಳಗೆ ಏನು ನಡೆಯಿತೆಂದು ಬರೆಯುವ ವಿದ್ಯೆಯನ್ನು ಅಲ್ಲಿ ಯಾರೂ ಹೇಳಿಕೊಡಲಿಲ್ಲ. ಶನಿಯಾರ ಆ ಕ್ಲಾಸಿನಲ್ಲಿ ನನ್ನ ಪಕ್ಕದ ಬೆಂಚಿನವ. ಅವನು ನನಗೆ ಹೇಳಿದ್ದು ಸ್ವಲ್ಪ, ಹೇಳುತ್ತ ಹೇಳುತ್ತ ನುಂಗಿಕೊಂಡದ್ದು ಹೆಚ್ಚು. ನುಂಗಿಕೊಂಡದ್ದನ್ನು ನಾನು ಊಹಿಸಿ ತುಂಬಿದ್ದೇನೆ. ತಪ್ಪಿದ್ದರೆ ಅದು ನನ್ನದು.

ಭಟ್ಕಳದಿಂದ ಹೊನ್ನಾವರಕ್ಕೆ ಹೋಗುವ ಬಸ್ಸಿನಲ್ಲಿ ಶನಿಯಾರ ಸ್ಟೀಲಿನ ಟಿಫಿನ್ ಡಬ್ಬಿಯೊಂದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಡಬ್ಬಿಯ ಮುಖದಲ್ಲಿ ದನಿ ಏರಿಸುವ ಒಂದು ತಿರುಗಣೆ, ಪುಟ್ಟ ಕೆಂಪು ದೀಪ, ಹೆಡ್‌ಫೋನ್ ಚುಚ್ಚುವ ತೂತು, ಹಿಂಬದಿಯಲ್ಲಿ ಸ್ವಿಚ್ಚು, ಸುತ್ತ ಬಿಗಿದ ಮೂರು ಪಿನ್ನಿನ ವೈರು. ಪಕ್ಕದಲ್ಲಿ ಕೂತವನು ಮುರ್ಡೇಶ್ವರದ ತಿರುವು ಬರುವ ತನಕ ಅದನ್ನೇ ನೋಡಿದ. ಕೊನೆಗೆ ಕೇಳಿದ: “ಎಂತದು ಅದು?” “ಆಂಪ್ಲಿಫೈಯರ್.” “ಎಂತಕ್ಕೆ?” “ಕೇಳೂಕೆ.” ಅವನು ತಲೆಯಾಡಿಸಿದ, ಆದರೆ ಕಾಲ ಬಳಿಯಿದ್ದ ತನ್ನ ಚೀಲವನ್ನು ಎತ್ತಿ ಆಚೆ ಬದಿಗೆ ಇಟ್ಟುಕೊಂಡ. ಆ ಚೀಲ ಎತ್ತಿದ್ದು ತನ್ನ ಡಬ್ಬಿಯ ಮೇಲಿನ ಸಂಶಯದಿಂದಲೋ, ಕಾಲು ಚಾಚಲಿಕ್ಕೋ ಎಂದು ಶನಿಯಾರ ಮಂಕಿ ಊರು ದಾಟುವ ತನಕ ಯೋಚಿಸಿದ. ಇತ್ತೀಚೆಗೆ ಅವನಿಗೆ ಯಾವುದೂ ಹಾಗೆ ಸುಮ್ಮನೆ ನಡೆದಂತೆ ಕಾಣುತ್ತಿರಲಿಲ್ಲ. ಯಾರಾದರೂ ಬಾಗಿಲು ಮುಚ್ಚಿದರೆ ಅದು ತನ್ನ ಮುಖಕ್ಕೆ ಮುಚ್ಚಿದ್ದು, ಯಾರಾದರೂ ಕೆಮ್ಮಿದರೆ ಅದು ತಾನು ಬಂದದ್ದಕ್ಕೆ ಕೊಟ್ಟ ಸೂಚನೆ. ಡಬ್ಬಿಯೊಳಗೆ ಗುಂಯ್ ಎನ್ನುವ ಸದ್ದು ಶುರುವಾದ ಮೇಲೆ ಹೀಗಾಯಿತೋ, ಮೊದಲೇ ಹೀಗಿದ್ದು ಡಬ್ಬಿ ಬರೀ ನೆಪವೋ, ಅದೂ ಅವನಿಗೆ ಹೇಳಲು ಬರುತ್ತಿರಲಿಲ್ಲ.

ಬೆಳಿಗ್ಗೆ ಅಣ್ಣ ದುರ್ಗ ಜಗಲಿಯಲ್ಲಿ ಕೂತು ಹೆಡ್‌ಫೋನನ್ನು ಕಿವಿಯಿಂದ ತೆಗೆದು, ಬೇರೆಯವರ ಮನೆಯ ಪಾತ್ರೆಯನ್ನು ಇಡುವ ಹಾಗೆ ಮೆಲ್ಲಗೆ ಕೆಳಗಿಟ್ಟಿದ್ದ. “ಮತ್ತೆ ಬಂತು. ಇಂಜಿನ್.” ಶನಿಯಾರ ಬೆರಳಿನಲ್ಲಿ ಸನ್ನೆ ಮಾಡಿ, ಎಷ್ಟು ಜೋರು ಎಂದು ಕೇಳಿದ. ದುರ್ಗ ಸನ್ನೆಯನ್ನು ನೋಡಲಿಲ್ಲ, ಅಥವಾ ನೋಡದವನಂತೆ ಮಾಡಿದ. “ತಕಂಡ್ಹೋಗು. ನಂಗೆ ಬೇಡ ಇದು.” ಡಬ್ಬಿ ಬೇಡವೋ, ಕೇಳುವುದೇ ಬೇಡವೋ? ದುರ್ಗ ಮೀನು ಹಿಡಿಯುವ ಪರ್ಸಿನ್ ಬೋಟಿನ ಇಂಜಿನ್ನಿನ ಪಕ್ಕದಲ್ಲಿ ನಿಂತೇ ತಲೆ ಹಣ್ಣು ಮಾಡಿಕೊಂಡವನು. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯಲ್ಲಿ ಒಂದಿಷ್ಟು ಉಳಿದಿದೆ. ಡಾಕ್ಟರು ಕೊಟ್ಟ ಕಿವಿಯ ಮಷಿನ್ನು ಕಿರುಚುತ್ತದೆಂದು ಅಕ್ಕಿ ಡಬ್ಬದಲ್ಲಿ ಹಾಕಿಟ್ಟ. ಸಮುದ್ರಕ್ಕೆ ಹೋಗುವುದು ನಿಂತ ಮೇಲೆ ಇಬ್ಬರು ಮಾತಾಡಿದರೆ ಅವರ ತುಟಿಗಳನ್ನೇ ನೋಡುತ್ತಿದ್ದ. ಒಮ್ಮೆ ಅತ್ತಿಗೆ ಕಮಲಿ ಬಾಗಿಲಲ್ಲಿ ನಿಂತು ಮೀನಿನವಳ ಹತ್ತಿರ ನಕ್ಕದ್ದಕ್ಕೆ ಊಟದ ಬಟ್ಟಲನ್ನು ಅಂಗಳಕ್ಕೆ ಎಸೆದು, ಹಿಂದಿನ ಕತ್ತಲ ಕೋಣೆ ಸೇರಿ, ಮಳೆಗಾಲವಿಡೀ ಅಲ್ಲೇ ಉಂಡ. ಅವನನ್ನು ಆ ಕೋಣೆಯಿಂದ ಜಗಲಿಗೆ ತಂದದ್ದು ಈ ಡಬ್ಬಿ. ಮೊಬೈಲಿನ ಯಕ್ಷಗಾನವನ್ನು ಇದು ದೊಡ್ಡದು ಮಾಡಿ ಹೆಡ್‌ಫೋನಿಗೆ ಕೊಡುತ್ತಿತ್ತು. ಮೊದಲ ದಿನ ಚೆಂಡೆಯ ಪೆಟ್ಟಿಗೆ ದುರ್ಗನ ಹುಬ್ಬು ಮೇಲೆ ಹೋದದ್ದನ್ನು ಶನಿಯಾರ ಈಗಲೂ ಕಣ್ಣು ಮುಚ್ಚಿದರೆ ನೋಡಬಲ್ಲ. ಹಾಸ್ಯಗಾರ ಮಾತು ಮುಗಿಸುವ ಮೊದಲೇ ದುರ್ಗ ನಗುತ್ತಿದ್ದ. ಆ ಪ್ರಸಂಗ ಅವನಿಗೆ ಬಾಯಿಪಾಠ.

ಈಗ ಆ ಡಬ್ಬಿಯನ್ನೇ ವಾಪಸು ಕೊಟ್ಟಿದ್ದಾನೆ. ಇವತ್ತು ಸರಿಯಾಗದಿದ್ದರೆ ಅಣ್ಣ ಮತ್ತೆ ಕೋಣೆಗೆ ಹೋಗುತ್ತಾನೆ. ಹೋದವನನ್ನು ಎರಡನೆಯ ಸಲ ಹೊರಗೆ ತರುವ ಡಬ್ಬಿ ಯಾರಲ್ಲೂ ಇಲ್ಲ. ಇದಕ್ಕಿಂತ ಕೆಟ್ಟ ಯೋಚನೆ ಇನ್ನೊಂದಿತ್ತು. ದನಿ ದೊಡ್ಡದು ಮಾಡುವ ಐಸಿ ಎಂಬ ಚಿಪ್ ಕೆಟ್ಟರೆ ಒಳಗಿನ ಕರೆಂಟು ನೇರ ಹೆಡ್‌ಫೋನಿಗೆ ನುಗ್ಗುತ್ತದೆ, ಒಂದು ಪೆಟ್ಟಿನಲ್ಲಿ ಅಣ್ಣನ ಉಳಿದ ಕಿವಿಯನ್ನೂ ತೆಗೆದುಬಿಡಬಹುದು. ಅದನ್ನು ತಡೆಯಲು ಅವನು, ಅಪಾಯ ಬಂದರೆ ತಾನಾಗಿ ಕರೆಂಟು ಕಡಿಯುವ ಒಂದು ರಿಲೇ ಹಾಕಿದ್ದ. ಆದರೆ ಆ ರಿಲೇಯನ್ನು ಕಾಯುವವರು ಯಾರು? ಶರಾವತಿ ಸೇತುವೆಯ ಮೇಲೆ ಬಸ್ಸು ನಿಧಾನವಾಯಿತು. ಡಬ್ಬಿಯನ್ನು ಅವನು ಎರಡೂ ಕೈಯಿಂದ ಹಿಡಿದುಕೊಂಡ, ಕೆಳಗೆ ನೀರು ಕಂಡ ಕೂಡಲೆ ಅದು ತಾನಾಗಿ ಹಾರಬಹುದೋ ಎಂಬ ಹಾಗೆ.

ಸುಧಾಕರನ ಅಂಗಡಿ ಬಂದರಿನ ದಾರಿಯಲ್ಲಿ. ಬೋಟುಗಳ ವೈರ್‌ಲೆಸ್ಸು, ಮೀನು ತೋರಿಸುವ ಫೈಂಡರು ಎಲ್ಲ ಅಲ್ಲಿ ರಿಪೇರಿಗೆ ಬರುತ್ತವೆ. ಅಲ್ಲೇ ಶನಿಯಾರನ ಕೆಲಸ. ಬಂದವನೇ ಡಬ್ಬಿಯನ್ನು ಪ್ಲಗ್ಗಿಗೆ ಚುಚ್ಚಿ, ಮೊಬೈಲನ್ನು ಹಾಡು ಹಾಕದೆ ಸಿಕ್ಕಿಸಿ, ಹೆಡ್‌ಫೋನು ಹಾಕಿಕೊಂಡ. ಒಳಗೆ ಏನೂ ಇಲ್ಲ. ತಿರುಗಣೆಯನ್ನು ಪೂರ್ತಿ ತಿರುಗಿಸಿದ. ದೂರದ ಮರಳಿನ ಮೇಲೆ ಗಾಳಿ ಹೋದಂತೆ ಒಂದು ಸಣ್ಣ ಸುಂಯ್, ಅದು ಇರಬೇಕಾದದ್ದೇ. ಗುಂಯ್ ಇಲ್ಲ. ಸುಧಾಕರ ಹೆಡ್‌ಫೋನನ್ನು ಕಿತ್ತುಕೊಂಡು ತನ್ನ ಕಿವಿಗೆ ಇಟ್ಟು, ಕಣ್ಣು ಮೇಲೆ ಮಾಡಿ, ದೇವರ ಪ್ರಸಾದ ಕೇಳುವವನಂತೆ ನಿಂತ.

“ಎಲ್ಲಿದೆಯಾ ನಿನ್ನ ಗುಂಯ್? ಬಸ್ಸಲ್ಲೇ ಇಳ್ದು ಹೋತಾ? ಟಿಕೀಟು ತೆಗ್ಸಿರ್ಲಿಲ್ವಾ ಅದಕ್ಕೆ?”

“ಮನೇಲಿ ಬತ್ತದೆ. ನಾನೂ ಕೇಳಿದ್ದೆ.”

“ನೀ ಕೇಳಿದ್ಯೋ, ನಿನ್ನ ಅಣ್ಣ ಹೇಳಿದ್ದಕ್ಕೆ ಕೇಳಿದ್ಯೋ?”

ಶನಿಯಾರ ತಿರುಗಣೆಯನ್ನು ಹಿಂದಕ್ಕೆ ತಿರುಗಿಸಿದ. ಅದೇ ಪ್ರಶ್ನೆಯನ್ನು ಅವನು ತನಗೆ ತಾನೇ ಕೇಳಿಕೊಂಡಿದ್ದ. ಮನೆಯಲ್ಲಿ ಅವನಿಗೆ ಕೇಳಿದ ಗುಂಯ್ ಬರುತ್ತಿತ್ತು, ಹೋಗುತ್ತಿತ್ತು. ಹುಡುಕಲು ಕೂತರೆ ನಿಲ್ಲುತ್ತಿತ್ತು, ಬೆನ್ನು ತಿರುಗಿಸಿದರೆ ಶುರುವಾಗುತ್ತಿತ್ತು. ಬರುವ ಹೋಗುವ ದೋಷದಷ್ಟು ಸಂಶಯ ಹುಟ್ಟಿಸುವುದು ಬೇರೆ ಯಾವುದೂ ಇಲ್ಲ. ಸತ್ತ ಡಬ್ಬಿ ಪ್ರಾಮಾಣಿಕ, ಇದು ಮಾತ್ರ ಯಾರನ್ನೋ ಕಾಯುತ್ತಿರುವಂತೆ ಕಾಣುತ್ತದೆ.

“ಇಂಜಿನ್ ಇರೂದು ಡಬ್ಬೀಲಲ್ಲ ಮಾರಾಯ, ಅವನ ಕಿವೀಲಿ,” ಎಂದ ಸುಧಾಕರ. “ಡಬ್ಬಿ ಬೇಕಾದ್ರೆ ರಿಪೇರಿ ಮಾಡುವ. ಕಿವಿಗೆ ನಮ್ಮತ್ರ ಪಾರ್ಟ್ ಇಲ್ಲ.”

ಸುಧಾಕರ ಚಾ ತರಲು ಹೋದಾಗ ಶನಿಯಾರ ಡಬ್ಬಿಯ ಮುಚ್ಚಳ ಬಿಚ್ಚಿದ. ಮುಚ್ಚಳದ ಒಂದು ಸ್ಕ್ರೂವಿನ ತಲೆಯಲ್ಲಿ ಹೊಸ ಗೀರು. ತಾನು ಹಾಕಿದ ಗೀರೋ? ತಾನು ಯಾವತ್ತೂ ಸರಿಯಾದ ಸೈಜಿನ ಸ್ಕ್ರೂಡ್ರೈವರ್ ಬಿಟ್ಟು ಬೇರೆ ಹಾಕುವವನಲ್ಲ. ಮನೆಯಲ್ಲಿ ಇದನ್ನು ಮುಟ್ಟುವವರು ಇನ್ನೊಬ್ಬರೇ, ಅತ್ತಿಗೆ. ಆಮೇಲೆ ಐಸಿ. ಅದು ಸುಧಾಕರನ ಡ್ರಾವರಿನಿಂದ ಬಂದದ್ದು. ಬಟ್ಟೆಯ ತುದಿಯನ್ನು ಥಿನ್ನರಿನಲ್ಲಿ ಅದ್ದಿ ಅದರ ಬೆನ್ನ ಮೇಲಿನ ಅಕ್ಷರಗಳನ್ನು ಉಜ್ಜಿದ. ಅಕ್ಷರಗಳು ಕಾಡಿಗೆಯಂತೆ ಹರಡಿದವು. ಅಸಲಿ ಐಸಿಯ ಅಕ್ಷರ ಹೀಗೆ ಹೋಗುವುದಿಲ್ಲ. ಎದೆಯಲ್ಲಿ ಒಂದು ಬಗೆಯ ಸಂತೋಷವಾಯಿತು. ಕೊನೆಗೂ ಒಬ್ಬ ಕಳ್ಳ ಸಿಕ್ಕಿದ. ತಲೆಯೆತ್ತಿದರೆ ಸುಧಾಕರ ಎರಡು ಗ್ಲಾಸು ಹಿಡಿದು ಎದುರಿಗೇ ನಿಂತಿದ್ದ.

“ಎಂತ ಉಜ್ತೆ?”

“ಸುಮ್ನೆ.”

“ನನ್ನ ಮೇಲೆ ಡೌಟಾ ಶನಿಯಾರಾ?” ಸುಧಾಕರನ ದನಿಯಲ್ಲಿ ತಮಾಷೆ ಇರಲಿಲ್ಲ. ಗ್ಲಾಸುಗಳನ್ನು ಇಟ್ಟ, ಒಂದನ್ನು ಶನಿಯಾರನ ಕಡೆಗೆ ದೂಡಲಿಲ್ಲ. “ಡೂಪ್ಲಿಕೇಟೇ ಇರ್ಲಿ. ನಂಗೂ ಯಾರೋ ಕೊಟ್ಟದ್ದು. ಆದ್ರೆ ಡೂಪ್ಲಿಕೇಟಿಗೂ ಗುಂಯ್ ಅನ್ನೂಕೆ ಒಂದು ಕಾರಣ ಬೇಕಲ್ದಾ? ಇಲ್ಲಿ ಎಂತಕ್ಕೆ ಅನ್ನೂದಿಲ್ಲ ಅದು? ನನ್ನ ಹೆದರಿಕೆಗಾ?” ಒಂದು ಗುಟುಕು ಚಾ ಕುಡಿದು ಮತ್ತೆ ಕೇಳಿದ: “ಬೋಟಿನ ಸೆಟ್ಟು ಹೀಗೆ ಮಾಡಿದ್ರೆ ಮೊದ್ಲು ಎಂತ ನೋಡ್ತೆ ನೀನು?”

“ಅರ್ಥ್.”

“ಹಾಂ. ಬೋಟಿನ ಅರ್ಥಿನ ತಗಡು ಸಮುದ್ರದಲ್ಲೇ ಮುಳುಗಿರ್ತದೆ. ಮನೇದು?”

“ಮನೇದು ನಾನೇ ಹಾಕಿದ್ದು,” ಎಂದ ಶನಿಯಾರ. ತುಸು ಜೋರಾಗಿಯೇ ಹೇಳಿದನೇನೋ. ಸೋರಿದ ಕರೆಂಟು ನೆಲಕ್ಕಿಳಿಯಲು ಹಿತ್ತಿಲಲ್ಲಿ ಉಪ್ಪು, ಇದ್ದಿಲು, ಆಳದ ಗುಂಡಿ, ದಪ್ಪ ಪೈಪು. ಅದು ಒಂದೇ ಅವನಿಗೆ ಸಂಶಯವಿಲ್ಲದ ಜಾಗ. ಐಸಿಯನ್ನು ಬದಲಿಸಲೇ ಎಂದು ಸುಧಾಕರ ಕೇಳಲಿಲ್ಲ, ಕೊಡಿ ಎಂದು ಇವನೂ ಕೇಳಲಿಲ್ಲ. ಮಧ್ಯಾಹ್ನಕ್ಕೇ ರಜೆ ಹೇಳಿ ಹೊರಟ. ಹೊರಡುವಾಗ ತನ್ನ ಚಾ ಹಾಗೇ ಉಳಿದದ್ದು ನೆನಪಾಯಿತು. ಸುಧಾಕರ ಅದನ್ನು ಅವಮಾನವೆಂದು ತಿಳಿದುಕೊಳ್ಳುತ್ತಾನೆ ಎಂದು ಹಿಂದೆ ಹೋಗುವ ಮನಸ್ಸಾಯಿತು, ಹಿಂದೆ ಹೋದರೆ ಇನ್ನೂ ದೊಡ್ಡ ಅವಮಾನ ಎಂದು ಬಸ್ಸು ಹತ್ತಿದ.

ಬಸ್ಸಿನಲ್ಲಿ ಕುಮಟೆಯ ಲೆಕ್ಚರರ್ ಒಬ್ಬ ನೆನಪಾದ. ಅವನು ಮನೆಗೆ ಬಂದದ್ದು ಚಳಿಗಾಲದ ಕೊನೆಯಲ್ಲಿ. ಸಂಗೀತದ ಹುಚ್ಚಿನವನು, ಬೆಲೆಬಾಳುವ ಹೆಡ್‌ಫೋನನ್ನು ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಬಂದಿದ್ದ. ಶನಿಯಾರ ಕೈಯಾರೆ ಮಾಡುವ ಆಂಪ್ಲಿಫೈಯರಿನ ಸುದ್ದಿ ಯಾರಿಂದಲೋ ಕೇಳಿ, ತನಗೂ ಒಂದು ಬೇಕು ಎಂದಿದ್ದ. ಹಿತ್ತಿಲ ಕಡೆಯ ಕಿಟಕಿಯ ಬಳಿ ಕುರ್ಚಿ ಹಾಕಿ ಕೂರಿಸಿದ್ದರು. ಹಾಡು ಕೇಳುತ್ತ ಕಣ್ಣು ಮುಚ್ಚಿದವನು ನಡುವೆ ಕಣ್ಣು ತೆರೆದು, ಕಿಟಕಿಯ ಕಡೆ ನೋಡಿ, ಕಿಸೆಯಿಂದ ಕರ್ಚೀಫು ತೆಗೆದು ಮೂಗಿನ ಬಳಿ ತಂದ, ಮುಟ್ಟಿಸಲಿಲ್ಲ. “ಇಲ್ಲೇ ಕೂತು ಮಾಡ್ತೀರಾ?” ಎಂದು ಕೇಳಿದ. ಒಳ್ಳೆಯ ಮಾತೇ ಇರಬಹುದು. ಆದರೆ ‘ಇಲ್ಲೇ’ ಎಂಬುದು ಶನಿಯಾರನೊಳಗೆ ಮುಳ್ಳಿನಂತೆ ಉಳಿಯಿತು. ತಾನು ಆಗ ಹಿತ್ತಿಲ ಕಡೆ ಕತ್ತು ತಿರುಗಿಸಿ ಅತ್ತಿಗೆಗೆ ಏನೋ ಹೇಳಿದ್ದು, ಲೆಕ್ಚರರು ಬೇಡ ಬೇಡ ಎಂದು ನಕ್ಕದ್ದು ಮಸುಕಾಗಿ ನೆನಪಿದೆ. ಕರ್ಚೀಫಿನ ನೀಲಿ ಅಂಚು ಮಾತ್ರ ಸ್ಪಷ್ಟ. ಫೋನು ಮಾಡುತ್ತೇನೆಂದು ಹೋದವನು ಮಾಡಲಿಲ್ಲ. ಡಬ್ಬಿ ಸರಿ ಬರಲಿಲ್ಲವೋ, ಮನೆ ಸರಿ ಬರಲಿಲ್ಲವೋ, ತಾನೋ?

ಮನೆ ಮುಟ್ಟಿದಾಗ ಬಿಸಿಲು ಅಂಗಳದ ತುಂಬ ನಿಂತಿತ್ತು. ಜಗಲಿ ಖಾಲಿ. ಶನಿಯಾರ ಒಳಗೆ ಇಣುಕಿದ. ಹಿಂದಿನ ಕೋಣೆಯ ಬಾಗಿಲು ಅರ್ಧ ಮುಚ್ಚಿತ್ತು, ಒಳಗೆ ಮಂಚದ ಮೇಲೆ ದುರ್ಗನ ಕಾಲುಗಳು ಕಂಡವು. ಹಿತ್ತಿಲಲ್ಲಿ ಕಮಲಿ ಮೆಟ್ಟುಕತ್ತಿಯ ಮಣೆಯ ಮೇಲೆ ಕೂತು ತಾರ್ಲೆ ಮೀನು ಕೊಯ್ಯುತ್ತಿದ್ದಳು.

“ಅತ್ಗೆ, ಈ ಡಬ್ಬಿ ಯಾರಾದ್ರೂ ಬಿಚ್ಚಿದ್ರಾ?”

“ಎಂತಕ್ಕೆ?”

“ಸ್ಕ್ರೂ ಗೀರಾಗಿದೆ.”

ಕಮಲಿ ಕತ್ತಿಯಿಂದ ಕಣ್ಣೆತ್ತಲಿಲ್ಲ. “ನಾ ಮೀನು ಬಿಚ್ಚೂದೊಂದೇ ಕಲ್ತದ್ದು. ನಿನ್ನ ಡಬ್ಬೀಲಿ ಕರುಳು ಹುಡ್ಕೂಕೆ ನಂಗೆಂತ ಹುಚ್ಚಾ?” ಇನ್ನೊಂದು ಮೀನು ಎತ್ತಿಕೊಂಡು, “ಒರೆಸೂಕೂ ಮುಟ್ಟೂದಿಲ್ಲ ನಾನು. ಕೈ ವಾಸನೆ ಹತ್ತಿದ್ರೆ ಕಷ್ಟ,” ಎಂದಳು.

ಆ ಕೊನೆಯ ಮಾತಿನ ಅರ್ಥ ಅವನಿಗೆ ಆಗ ಆಗಲಿಲ್ಲ. ಅದರಲ್ಲಿ ಏನೋ ಇದೆ ಎಂಬುದು ಮಾತ್ರ ಆಯಿತು. ಒಳಗೆ ಹೋಗಿ ಡಬ್ಬಿಯನ್ನು ಚುಚ್ಚಿದ. ಹೆಡ್‌ಫೋನು ಹಾಕಿದ ಕೂಡಲೆ ಬಂತು, ದಪ್ಪಗೆ, ಕೆಳಗಿನಿಂದ, ಮಾವಿನಕುರ್ವೆಯ ಬಂದರಿನಲ್ಲಿ ಬೋಟು ಹೊರಡುವ ಮೊದಲು ನೀರೇ ನಡುಗುವ ಹಾಗೆ. ಹಾಗಾದರೆ ಅಣ್ಣನ ಕಿವಿಯದಲ್ಲ. ಅವನಿಗೆ ನಾಚಿಕೆಯಾಗುವಷ್ಟು ಸಮಾಧಾನವಾಯಿತು. ಇದ್ದಕ್ಕಿದ್ದಂತೆ ಅದು ಇಳಿಯಿತು. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಫ್ರಿಜ್ಜು ಒಮ್ಮೆ ಮೈ ಕೊಡವಿ ಸುಮ್ಮನಾಯಿತು. ಡಬ್ಬಿಯ ಪುಟ್ಟ ಕೆಂಪು ದೀಪದ ಮೇಲೆ ಅನುಮಾನವಾಗಿ ಅದರ ವೈರನ್ನು ಕತ್ತರಿಸಿ ಹಾಕಿದ. ಫ್ರಿಜ್ಜು ಮತ್ತೆ ಶುರುವಾದಾಗ ಗುಂಯ್ ಕೂಡ ಮತ್ತೆ ಬಂತು. ಟೆಸ್ಟರನ್ನು ತಂದು ಡಬ್ಬಿಯ ಸ್ಟೀಲಿಗೆ ಮುಟ್ಟಿಸಿದ. ಟೆಸ್ಟರಿನ ಹೊಟ್ಟೆಯಲ್ಲಿ ಮಂಕಾದ ಕೆಂಪು ಎಳೆ ಹೊತ್ತಿತು. ಫ್ರಿಜ್ಜಿನ ಬಾಗಿಲಿಗೆ ಮುಟ್ಟಿಸಿದ. ಅಲ್ಲಿಯೂ. ಫ್ರಿಜ್ಜು ಸೋರಿದ ಕರೆಂಟು ನೆಲಕ್ಕೆ ಇಳಿಯಲು ದಾರಿ ಸಿಗದೆ ಮನೆಯ ಅರ್ಥಿನ ಹಸಿರು ವೈರಿನ ತುಂಬ ನಿಂತು, ಡಬ್ಬಿಗೆ ಬಂದು, ಅಣ್ಣನ ಕಿವಿಯಲ್ಲಿ ಇಂಜಿನ್ನಾಗಿತ್ತು. ಅರ್ಥ್ ಸತ್ತಿದೆ. ತಾನೇ ಹಾಕಿದ ಅರ್ಥ್. ಯಾರಾದರೂ ವೈರು ಕಿತ್ತಿರಬೇಕು ಎಂದು ಹಿತ್ತಿಲಿಗೆ ಓಡಿದ.

ಯಾರೂ ಕಿತ್ತಿರಲಿಲ್ಲ. ಕಿಟಕಿಯ ಕೆಳಗೆ ಪೈಪು ಇದ್ದಲ್ಲೇ ಇತ್ತು, ವೈರು ಬಿಗಿಯಾಗಿಯೇ ಇತ್ತು. ಆದರೆ ಅದರ ಸುತ್ತಲ ಮಣ್ಣು ಬಿರಿದು, ಪೈಪನ್ನು ಅಲ್ಲಾಡಿಸಿದರೆ ಹುಡಿ ಉದುರುತ್ತಿತ್ತು. ಪಕ್ಕದ ಬಾಳೆ, ಯಾವಾಗಲೂ ಕೊಬ್ಬಿ ಕಪ್ಪು ಹಸಿರಾಗಿರುತ್ತಿದ್ದ ಬಾಳೆ, ಎಲೆಯ ಅಂಚು ಸುಟ್ಟುಕೊಂಡು ತಲೆ ಕೆಳಗೆ ಹಾಕಿತ್ತು. ಅವನು ಅಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದಾಗ ಕಮಲಿ ಮೀನು ತೊಳೆದ ನೀರಿನ ಬೋಗುಣಿಯನ್ನು ಸೊಂಟಕ್ಕೆ ಒತ್ತಿಕೊಂಡು ಎದ್ದಳು. ಅವನನ್ನು ದಾಟಿ, ಬಾಳೆಯನ್ನು ದಾಟಿ, ಬಿಸಿಲಿನಲ್ಲಿ ಹಿತ್ತಿಲ ಉದ್ದಕ್ಕೂ ನಡೆದು, ಬೇಲಿಯ ಆಚೆಯ ಚರಂಡಿಗೆ ನೀರು ಸುರಿದಳು. ವಾಪಸು ಬರುವಾಗ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು.

“ಅಷ್ಟು ದೂರ ಎಂತಕ್ಕೆ ಹೋಗೂದು ಅತ್ಗೆ? ಮೊದ್ಲು ಈ ಬಾಳೆ ಬುಡಕ್ಕಲ್ದಾ ಹೊಯ್ತಿದ್ದದ್ದು?”

ಕಮಲಿ ನಿಂತು ಅವನನ್ನು ನೋಡಿದಳು, ತಮಾಷೆ ಮಾಡುತ್ತಿದ್ದಾನೋ ಎಂದು ಅಳೆಯುವವಳಂತೆ.

“ನೀನೇ ಹೇಳಿದ್ಯಲ.”

“ನಾನಾ?”

“ಕುಮಟೆಯವ್ರು ಬಂದ ದಿನ. ‘ಅತ್ಗೆ, ಆ ಗಲೀಜು ನೀರು ಇಲ್ಲಿ ಹೊಯ್ಬೇಡಿ, ಮರ್ಯಾದಸ್ಥರು ಬತ್ರು’ ಅಂತ. ಅವ್ರ ಎದುರಿಗೇ ಹೇಳಿದ್ದು.” ಬೋಗುಣಿಯನ್ನು ಕವುಚಿ ಇಟ್ಟಳು. “ಆತು, ಮನೇಲಿ ಹೆಸರು ಮಾಡುವವ ನೀನೊಬ್ಬ. ಹೋತೆ ಅತ್ಲಾಗೆ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಉಪ್ಪು, ರಕ್ತ, ಪೊರೆ ತುಂಬಿದ ಆ ನೀರು ದಿನಾ ಈ ಪೈಪಿನ ಬುಡಕ್ಕೆ ಇಳಿದು ಗುಂಡಿಯನ್ನು ಜೀವಂತ ಇಟ್ಟಿತ್ತು. ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕಬೇಕು ಎಂಬುದು ಅವನು ಕಲಿತ ಪಾಠವೇ. ಹಾಕುತ್ತಿದ್ದವಳು ಯಾರು ಎಂದು ಮಾತ್ರ ನೋಡಿರಲಿಲ್ಲ. ಸುಧಾಕರನ ಡ್ರಾವರು, ಸ್ಕ್ರೂವಿನ ಗೀರು, ಫ್ರಿಜ್ಜು, ಅಣ್ಣನ ಕಿವಿ, ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳಿದ್ದಾಯಿತು. ಗೀರು ತನ್ನದೇ, ಲೆಕ್ಚರರ ಎದುರು ಗಡಿಬಿಡಿಯಲ್ಲಿ ಮುಚ್ಚಳ ತೆರೆದು ತೋರಿಸಿದಾಗ ಜಾರಿದ್ದು ಎಂಬುದೂ ಈಗ ನೆನಪಾಯಿತು, ಅಥವಾ ನೆನಪಾದಂತೆ ಅನಿಸಿತು. ಕ್ಷಮೆ ಕೇಳಬೇಕೆಂದು ಬಾಯಿ ತೆರೆದ. “ಉಪ್ಪಿದೆಯಾ ಅತ್ಗೆ? ದಪ್ಪ ಉಪ್ಪು?” ಎಂದಷ್ಟೇ ಬಂತು.

ಅವನು ಬಾವಿಯಿಂದ ಕೊಡಗಟ್ಟಲೆ ನೀರು ತಂದು ಸುರಿದ. ಒಣ ಗುಂಡಿ ಗುಳುಗುಳು ಎಂದು ಕುಡಿಯಿತು. ಕಮಲಿ ಉಪ್ಪಿನ ಮರಿಗೆಯನ್ನೇ ತಂದು ಕೊಟ್ಟಳು. ಆಮೇಲೆ ಉಳಿದ ತಾರ್ಲೆಯನ್ನು ತೊಳೆದು, ಬೋಗುಣಿ ಎತ್ತಿಕೊಂಡು, ಬಾಳೆಯ ಬಳಿ ನಿಂತಳು.

“ಇಲ್ಲಿ ಹೊಯ್ಲಾ? ಯಾರೂ ಬರೂದಿಲ್ವಲ್ಲ ಇವತ್ತು?”

“ಹೊಯ್ಯಿ ಅತ್ಗೆ.”

ನೆರಳು ಅಂಗಳಕ್ಕೆ ಬರುವ ಹೊತ್ತಿಗೆ ಟೆಸ್ಟರಿನ ಕೆಂಪು ಎಳೆ ಆರಿತ್ತು. ಫ್ರಿಜ್ಜು ಓಡುತ್ತಿರುವಾಗಲೇ ಅವನು ಹೆಡ್‌ಫೋನು ಹಾಕಿ ಕೇಳಿದ. ಗುಂಯ್ ಇರಲಿಲ್ಲ. ಡಬ್ಬಿಯನ್ನು ಜಗಲಿಗೆ ಒಯ್ದು, ಅಲ್ಲಿನ ಪ್ಲಗ್ಗಿಗೆ ಚುಚ್ಚಿ, ಅಣ್ಣನನ್ನು ಕರೆಯಲು ಹೋದ. ದುರ್ಗ ಬರಲಿಲ್ಲ. ಶನಿಯಾರ ಅವನ ಕೈ ಹಿಡಿದ, ಚಿಕ್ಕಂದಿನಲ್ಲಿ ಬಲೆ ಎಳೆಯುವಲ್ಲಿಗೆ ಹೋಗಲು ಅಣ್ಣ ತನ್ನ ಕೈ ಹಿಡಿಯುತ್ತಿದ್ದ ಹಾಗೆ, ಮಣಿಗಂಟಿನ ಮೇಲೆ. ದುರ್ಗ ಎದ್ದು ಬಂದ. ಜಗಲಿಯಲ್ಲಿ ಕೂತ. ಹೆಡ್‌ಫೋನನ್ನು ಕಿವಿಗೆ ಏರಿಸಿಕೊಂಡು ತಮ್ಮನ ಮುಖವನ್ನೇ ನೋಡಿದ. ಶನಿಯಾರನ ಮುಖದ ಮೇಲೆ ಮಣ್ಣು, ಬೆವರು, ಇನ್ನೂ ಏನೇನಿತ್ತೋ. ಮೊಬೈಲಿನ ಪರದೆಯಲ್ಲಿ ಹಾಸ್ಯಗಾರ ಕುಣಿಯುತ್ತ ಬಂದ. ದುರ್ಗ ಪರದೆ ನೋಡಲಿಲ್ಲ. ತಮ್ಮನನ್ನೇ ನೋಡುತ್ತ, “ಹೋತು,” ಎಂದ. “ಇಂಜಿನ್ ನಿಂತ್ತು. ಈಗ ಚಂದ ಕೇಳ್ತದೆ.” ಎಂದು ಬಲಗಿವಿಯ ಮೇಲೆ ಕೈಯಿಟ್ಟು ನಕ್ಕ, ಹಾಸ್ಯಗಾರನ ಮಾತು ಮುಗಿಯುವ ಸ್ವಲ್ಪ ಮೊದಲು.

ಆಗಲೇ ಶನಿಯಾರನ ಬೆರಳು ಡಬ್ಬಿಯ ಹಿಂಬದಿಯ ಸ್ವಿಚ್ಚಿಗೆ ತಾಗಿತು. ಟಿಕ್ ಎಂದಿತು. ಜಗಲಿಗೆ ತಂದಾಗ ಸ್ವಿಚ್ಚು ಹಾಕಿದ್ದೆನೋ ಇಲ್ಲವೋ? ಈಗ ಆನ್ ಆಯಿತೋ, ಆಫ್ ಆಯಿತೋ? ಸ್ವಿಚ್ಚಿನ ಮೇಲೆ ಗುರುತಿರಲಿಲ್ಲ, ದೀಪದ ವೈರನ್ನು ತಾನೇ ಕತ್ತರಿಸಿದ್ದರಿಂದ ನೋಡಿ ತಿಳಿಯುವಂತಿರಲಿಲ್ಲ. ಅಣ್ಣನ ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ಡಬ್ಬಿ ಸತ್ತೇ ಇದ್ದಾಗ “ಚಂದ ಕೇಳ್ತದೆ” ಎಂದಿದ್ದರೆ, ಬೆಳಿಗ್ಗೆ ಕೇಳಿದ ಇಂಜಿನ್ ಯಾವುದು? ಇಷ್ಟು ತಿಂಗಳು ನಕ್ಕದ್ದು ಯಾವುದಕ್ಕೆ? ಚೆಂಡೆಗೆ ಹುಬ್ಬು ಏರಿಸಿದ್ದು ತಮ್ಮನ ಮುಖ ನೋಡಿಯೋ? ಹೆಡ್‌ಫೋನನ್ನು ಒಂದು ಕ್ಷಣ ಇಸಕೊಂಡು ತನ್ನ ಕಿವಿಗೆ ಹಿಡಿದರೆ ಸಾಕಿತ್ತು. ದಿನವಿಡೀ ಎಲ್ಲರನ್ನೂ ಉಜ್ಜಿ ನೋಡಿದ ಕೈ ಮುಂದೆ ಹೋಯಿತು. ದುರ್ಗ ತಾಳ ಹಾಕುತ್ತ ತೊಡೆ ತಟ್ಟುತ್ತಿದ್ದ. ಹಿತ್ತಿಲಿನಿಂದ ತಾರ್ಲೆಯ ಸಾರಿನ ವಾಸನೆ ಬಂತು. ಕೈಯನ್ನು ಶನಿಯಾರ ಹಿಂದಕ್ಕೆ ತೆಗೆದು ಅಣ್ಣನ ಪಕ್ಕದಲ್ಲಿ ಕೂತ.

ದುರ್ಗ ಈಗಲೂ ಜಗಲಿಯಲ್ಲೇ ಕೂರುತ್ತಾನೆ, ಹೆಡ್‌ಫೋನು ಹಾಕುತ್ತಾನೆ. ಬಾಳೆ ಹೊಸ ಎಲೆ ಬಿಟ್ಟಿದೆ. ಆ ಸಂಜೆ ಸ್ವಿಚ್ಚು ಯಾವ ಕಡೆಗಿತ್ತು ಎಂದು ಕೇಳಿದರೆ ಶನಿಯಾರ ಗೊತ್ತಿಲ್ಲ ಎನ್ನುತ್ತಾನೆ. ದುರ್ಗನಿಗೆ ನಿಜವಾಗಿ ಏನು ಕೇಳಿಸುತ್ತದೆ ಎಂಬುದು ನನಗೂ ಗೊತ್ತಿಲ್ಲ.